ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಬ್ರೂವರಿ, ವೈನರಿ: ಮೊದಲು ಲೈಸೆನ್ಸ್ ಟೈಪ್, ಆಮೇಲೆ ಟ್ಯಾಂಕು

ಬ್ರೂವರಿ ಹಾಕಲು ಹೊರಟವರು ಸಾಮಾನ್ಯವಾಗಿ ಮೊದಲು ರೆಸಿಪಿ, ಆಮೇಲೆ ಜಾಗ, ಆಮೇಲೆ ಟ್ಯಾಂಕು, ಕಡೆಗೆ ಲೈಸೆನ್ಸ್ ಎಂದು ಯೋಚಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಈ ಕ್ರಮ ದುಬಾರಿಯಾಗುತ್ತದೆ. ಬಿಯರನ್ನು ಯಾರಿಗೆ ಮಾರಬಹುದು, ಗ್ರಾಹಕರು ಮನೆಗೆ ಕೊಂಡೊಯ್ಯಬಹುದೇ, ಅಡುಗೆಮನೆ ಕಡ್ಡಾಯವೇ, ಪಕ್ಕದ ರೆಸ್ಟೋರೆಂಟಿಗೆ ನೀವೇ ಕೆಗ್ ಒಯ್ದು ಕೊಡಬಹುದೇ ಎಂಬುದನ್ನೆಲ್ಲ ಲೈಸೆನ್ಸಿನ ಟೈಪ್ ತೀರ್ಮಾನಿಸುತ್ತದೆ. ಟೈಪ್ ಆರಿಸದೆ ಜಾಗದ ಲೀಸಿಗೆ ಸಹಿ ಹಾಕಿದವರು ಬಾಗಿಲು ತೆರೆಯುವ ಮೊದಲೇ ತಿಂಗಳುಗಟ್ಟಲೆ ಬಾಡಿಗೆ ಕಟ್ಟುವುದು ಸಾಮಾನ್ಯ.

ಅಮೆರಿಕದಲ್ಲಿ ಮದ್ಯದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಇಷ್ಟೊಂದು ಬದಲಾಗುವುದಕ್ಕೆ ಕಾರಣ 1933ರ 21ನೇ ತಿದ್ದುಪಡಿ. 1920ರಿಂದ ಜಾರಿಯಲ್ಲಿದ್ದ ಪಾನನಿಷೇಧವನ್ನು ಅದು ತೆಗೆದುಹಾಕಿತು. ಜೊತೆಗೆ ಮದ್ಯವನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳ ಕೈಗೆ ಕೊಟ್ಟಿತು. ಹೆಚ್ಚಿನ ರಾಜ್ಯಗಳು ಮೂರು ಹಂತದ ಪದ್ಧತಿ ತಂದವು: ತಯಾರಕ ಸಗಟು ವ್ಯಾಪಾರಿಗೆ ಮಾರಬೇಕು, ಅವನು ಚಿಲ್ಲರೆ ಅಂಗಡಿಗೆ, ಅಂಗಡಿ ಗ್ರಾಹಕನಿಗೆ. ನಿಷೇಧಕ್ಕೆ ಮುಂಚೆ ದೊಡ್ಡ ಬ್ರೂವರಿಗಳು ಬಾರುಗಳನ್ನೇ ಸಾಕಿಕೊಂಡು ತಮ್ಮ ಬಿಯರನ್ನಷ್ಟೇ ಸುರಿಸುತ್ತಿದ್ದವು. ಅದು ಮರುಕಳಿಸಬಾರದೆಂಬುದು ಉದ್ದೇಶ. ಕರ್ನಾಟಕದವರಿಗೆ ಇದು ಪೂರ್ತಿ ಹೊಸತಲ್ಲ. ಅಲ್ಲಿ ಸಗಟು ಹಂತ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಇಲ್ಲಿ ಅದು ಖಾಸಗಿ ವಿತರಕರ ಕೈಯಲ್ಲಿದೆ.

ಈ ಮೂರು ಹಂತಗಳಿಗೆ ಪ್ರತಿ ರಾಜ್ಯವೂ ತನ್ನದೇ ವಿನಾಯಿತಿಗಳನ್ನು ಸೇರಿಸಿದೆ. ಸಣ್ಣವರ ಬದುಕು ನಿಂತಿರುವುದು ಆ ವಿನಾಯಿತಿಗಳ ಮೇಲೆ. ಜಾರ್ಜಿಯಾದ ಬ್ರೂವರಿಗಳಿಗೆ ಗ್ರಾಹಕರಿಗೆ ನೇರವಾಗಿ ಮಾರುವ ಹಕ್ಕು ಬಂದದ್ದು 2017ರ ಸೆಪ್ಟೆಂಬರಿನಲ್ಲಿ, ಅದೂ ವರ್ಷಕ್ಕೆ 3,000 ಬ್ಯಾರೆಲ್‌ಗಳ ಮಿತಿಯೊಳಗೆ. ಟೆಕ್ಸಾಸಿನಲ್ಲಿ ಟ್ಯಾಪ್‌ರೂಮಿನಿಂದ (ಬ್ರೂವರಿಯಲ್ಲೇ ಕೂತು ಕುಡಿಯುವ ಕೋಣೆ) ಬಿಯರ್ ಪಾರ್ಸೆಲ್ ಒಯ್ಯಲು 2019ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಕ್ಯಾಲಿಫೋರ್ನಿಯಾ ಈ ವಿಷಯದಲ್ಲಿ ಉದಾರಿ. ಆದರೆ ಆ ಉದಾರತೆ ಎಲ್ಲ ಟೈಪುಗಳಿಗೂ ಒಂದೇ ಸಮನಾಗಿ ಸಿಗುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ ಎಂದು ಮೊದಲು ಲೆಕ್ಕ ಹಾಕಿ

ಒಂದು ಬ್ಯಾರೆಲ್ ಎಂದರೆ 31 ಗ್ಯಾಲನ್, ಅಂದರೆ 16 ಔನ್ಸಿನ 248 ಪೈಂಟ್. ನೊರೆ, ಪೈಪು ತೊಳೆಯುವುದು, ರುಚಿ ತೋರಿಸುವುದು ಎಂದು ಹತ್ತರಲ್ಲೊಂದು ಪಾಲು ಹೋದರೂ ಸುಮಾರು 220 ಪೈಂಟ್ ಉಳಿಯುತ್ತದೆ. ಪೈಂಟಿಗೆ 7 ಡಾಲರ್ ಎಂದಿಟ್ಟುಕೊಂಡರೆ ಬ್ಯಾರೆಲಿಗೆ ಸುಮಾರು 1,540 ಡಾಲರ್. ಅದೇ ಬಿಯರನ್ನು ಅರ್ಧ ಬ್ಯಾರೆಲಿನ ಕೆಗ್ಗಿಗೆ 180 ಡಾಲರಿನಂತೆ ಬಾರಿಗೆ ಕೊಟ್ಟರೆ ಬ್ಯಾರೆಲಿಗೆ 360. ವಿತರಕರ ಮೂಲಕ ಹೋದರೆ ಅದಕ್ಕಿಂತಲೂ ಕಡಿಮೆ. ವರ್ಷಕ್ಕೆ 500 ಬ್ಯಾರೆಲ್ ಮಾಡುವವರು ಉಳಿಯುವುದು ಟ್ಯಾಪ್‌ರೂಮಿನಿಂದ. ಹೊರಗಿನ ಮಾರಾಟ ಹೆಸರು ತರುತ್ತದೆ, ಬಾಡಿಗೆ ಕಟ್ಟಿಸುವುದಿಲ್ಲ. ಹಾಗಾಗಿ ಟ್ಯಾಪ್‌ರೂಮಿಗೆ ಅನುಕೂಲವಾದ ಟೈಪನ್ನೇ ಹುಡುಕಬೇಕು.

ಟೈಪ್ 23 ಮತ್ತು ಟೈಪ್ 75

ಲೈಸೆನ್ಸ್ ಕೊಡುವುದು ರಾಜ್ಯದ ಮದ್ಯ ನಿಯಂತ್ರಣ ಇಲಾಖೆ. ಎಲ್ಲರೂ ಎಬಿಸಿ ಎನ್ನುತ್ತಾರೆ. ಸಣ್ಣ ಬ್ರೂವರಿಗಳಿಗೆ ಎರಡು ದಾರಿಗಳಿವೆ.

ಟೈಪ್ 23 ಸಣ್ಣ ಬಿಯರ್ ತಯಾರಕರಿಗೆ. ವರ್ಷಕ್ಕೆ 60,000 ಬ್ಯಾರೆಲ್‌ವರೆಗೆ ಇದು ಸಾಕು. ಅದನ್ನು ದಾಟಿದರೆ ಟೈಪ್ 01. ಇದರಲ್ಲಿ ನಿಮ್ಮ ಬಿಯರನ್ನು ಸ್ಥಳದಲ್ಲೇ ಕುಡಿಯಲು ಕೊಡಬಹುದು, ಕ್ಯಾನಿನಲ್ಲೋ ಗ್ರೌಲರ್ ಎಂಬ ದೊಡ್ಡ ಬಾಟಲಿಯಲ್ಲೋ ಕಟ್ಟಿಕೊಡಬಹುದು, ವಿತರಕರಿಲ್ಲದೆ ನೇರವಾಗಿ ಬಾರು–ಅಂಗಡಿಗಳಿಗೂ ಮಾರಬಹುದು. ಅಡುಗೆಮನೆ ಕಡ್ಡಾಯವಲ್ಲ. ಆದರೆ ಅಡುಗೆಮನೆ ಇಲ್ಲದ ಟ್ಯಾಪ್‌ರೂಮಿನಲ್ಲಿ ನಿಮ್ಮ ಬಿಯರ್ ಬಿಟ್ಟು ಬೇರೇನೂ ಸುರಿಯುವಂತಿಲ್ಲ. ಬಿಯರ್ ಕುಡಿಯದ ಗೆಳತಿಗೆ ಒಂದು ಗ್ಲಾಸ್ ವೈನ್ ಕೊಡಬೇಕೆಂದರೆ ಅಲ್ಲಿ ನಿಜವಾದ ಊಟದ ಹೋಟೆಲ್ ನಡೆಯುತ್ತಿರಬೇಕು.

ಟೈಪ್ 75 ಬ್ರೂಪಬ್ ರೆಸ್ಟೋರೆಂಟಿಗೆ. ಬಿಯರ್, ವೈನ್, ವಿಸ್ಕಿ ಎಲ್ಲವನ್ನೂ ಕೊಡಬಹುದೆಂಬ ಆಕರ್ಷಣೆ ಇದಕ್ಕಿದೆ. ಬದಲಿಗೆ ಕನಿಷ್ಠ 7 ಬ್ಯಾರೆಲ್ ಸಾಮರ್ಥ್ಯದ ಸಲಕರಣೆ ಬೇಕು, ವರ್ಷಕ್ಕೆ 100ರಿಂದ 5,000 ಬ್ಯಾರೆಲ್ ಒಳಗೇ ತಯಾರಿಸಬೇಕು, ಪಾರ್ಸೆಲ್ ಕೊಡುವಂತಿಲ್ಲ, ಬೇರೆ ಬಾರುಗಳಿಗೆ ನೇರವಾಗಿ ಮಾರುವಂತಿಲ್ಲ. ಹೊರಗೆ ಮಾರುವುದಿದ್ದರೆ ಸಗಟು ವ್ಯಾಪಾರಿಗೇ. ಕಾಕ್‌ಟೇಲ್ ಆಸೆಗೆ 75 ತೆಗೆದುಕೊಂಡವರು, ಬಿಯರ್ ಹೆಸರು ಮಾಡಿ ಕ್ಯಾನ್ ಕೇಳುವವರು ಬಂದಾಗ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಊಟವೇ ಮುಖ್ಯ ವ್ಯಾಪಾರ ಎಂದು ಖಚಿತವಿದ್ದರೆ 75. ಸ್ವಲ್ಪವಾದರೂ ಅನುಮಾನವಿದ್ದರೆ 23.

ವೈನಿಗೆ ಟೈಪ್ 02, ಅಥವಾ 17/20

ಟೈಪ್ 02 ವೈನ್ ತಯಾರಕರ ಲೈಸೆನ್ಸ್. ಹಣ್ಣನ್ನು ವೈನಾಗಿಸುವ ಸಲಕರಣೆ ನಿಮ್ಮ ಸ್ಥಳದಲ್ಲಿ ಇರಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ವೈನಿನಲ್ಲಿ ಕನಿಷ್ಠ ಅರ್ಧ ನೀವೇ ತಯಾರಿಸಿದ್ದಾಗಿರಬೇಕು. ಬೇರೆಯವರ ವೈನ್ ಕೊಂಡು ಲೇಬಲ್ ಅಂಟಿಸುವುದೇ ಮುಖ್ಯವಾದರೆ ಇದು ನಿಮಗಲ್ಲ. ವೈನರಿಯ ಟೇಸ್ಟಿಂಗ್ ರೂಮಿನ ಜೊತೆಗೆ ಹೊರಗೆ ಇನ್ನೆರಡು ಟೇಸ್ಟಿಂಗ್ ರೂಮ್‌ಗಳನ್ನೂ ಇಟ್ಟುಕೊಳ್ಳಬಹುದು.

ಸ್ವಂತ ವೈನರಿ ಇಲ್ಲದವರು ಬೇರೊಬ್ಬರ ವೈನರಿಯಲ್ಲಿ ಹಣ ಕೊಟ್ಟು ವೈನ್ ಮಾಡಿಸಿ (ಇದಕ್ಕೆ ಕಸ್ಟಮ್ ಕ್ರಷ್ ಎನ್ನುತ್ತಾರೆ), ಸಗಟಿನ 17 ಮತ್ತು ಚಿಲ್ಲರೆಯ 20 ಎರಡನ್ನೂ ಜೊತೆಯಾಗಿ ಪಡೆಯುತ್ತಾರೆ. ಬಂಡವಾಳ ಕಡಿಮೆ, ಫೆಡರಲ್ ವರದಿಗಳ ಹೊಣೆ ಬಹುಪಾಲು ಆತಿಥೇಯ ವೈನರಿಯದು. ಆದರೆ ಈ ಜೋಡಿಯಲ್ಲಿ ಚಿಲ್ಲರೆ ಮಾರಾಟ ಅಂಚೆ, ಫೋನ್, ಇಂಟರ್‌ನೆಟ್ ಆರ್ಡರಿಗೆ ಸೀಮಿತ. ಜನರನ್ನು ಕೂರಿಸಿ ರುಚಿ ತೋರಿಸುವ ಕೋಣೆ ಸಿಗುವುದಿಲ್ಲ. ಮಧ್ಯದ ದಾರಿಯೂ ಒಂದಿದೆ: ಒಂದೇ ಕಟ್ಟಡವನ್ನು ಸರದಿಯಂತೆ ಹಲವರು ಬಳಸುವ ವ್ಯವಸ್ಥೆ. ಅಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಟೈಪ್ 02, ಸ್ವಂತ ಫೆಡರಲ್ ಪರ್ಮಿಟ್, ಸ್ವಂತ ಲೆಕ್ಕಪುಸ್ತಕ. ಕೆಲಸ ಹೆಚ್ಚು, ಆದರೆ ಹಕ್ಕುಗಳೂ ಪೂರ್ತಿ.

ವೈನಿಗೆ ಕ್ಯಾಲೆಂಡರ್ ತುಂಬ ಮುಖ್ಯ. ದ್ರಾಕ್ಷಿ ಆಗಸ್ಟಿನಿಂದ ಅಕ್ಟೋಬರ್ ಒಳಗೆ ಬರುತ್ತದೆ, ನಿಮ್ಮ ಪರ್ಮಿಟ್ಟಿಗಾಗಿ ಬಳ್ಳಿಯಲ್ಲಿ ಕಾಯುವುದಿಲ್ಲ. ಫೆಡರಲ್ ಪರ್ಮಿಟ್ ಕೈಗೆ ಬರುವ ಮೊದಲು ಮಾರಾಟಕ್ಕಾಗಿ ಹುದುಗೆಬ್ಬಿಸುವಂತಿಲ್ಲ. ಮನೆಬಳಕೆಗೆಂದು ಒಬ್ಬ ವಯಸ್ಕನಿಗೆ 100 ಗ್ಯಾಲನ್, ಇಬ್ಬರಿದ್ದ ಮನೆಗೆ 200 ಗ್ಯಾಲನ್ ಮಾಡಬಹುದು. ಆ ವೈನನ್ನು ಮುಂದೆ ಎಂದೂ ಮಾರಲಾಗದು. ಆದ್ದರಿಂದ ಅರ್ಜಿ ಜನವರಿ–ಫೆಬ್ರವರಿಯಲ್ಲೇ ಹೋಗಬೇಕು. ಜುಲೈ ಕೊನೆಗೂ ಬರದಿದ್ದರೆ ಆ ವರ್ಷದ ಹಣ್ಣನ್ನು ಕಸ್ಟಮ್ ಕ್ರಷ್‌ಗೆ ಕಳಿಸುವ ಮಾತುಕತೆ ಮುಗಿಸಿಡಿ. ರೈತರಿಂದ ದ್ರಾಕ್ಷಿ ಕೊಳ್ಳುವ ವೈನರಿಗೆ ರಾಜ್ಯದ ಕೃಷಿ ಇಲಾಖೆಯ ಪ್ರೊಸೆಸರ್ ಲೈಸೆನ್ಸ್ ಬೇರೆಯಾಗಿ ಬೇಕು. ಮೊದಲ ಸಲದವರು ಹೆಚ್ಚಾಗಿ ಮರೆಯುವುದು ಇದನ್ನೇ.

ಮಾಲೀಕರು ಯಾರು, ಹಣ ಯಾರದು

ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲಿ. ಮೂರು ಹಂತಗಳ ನಿಯಮದ ಪ್ರಕಾರ ಚಿಲ್ಲರೆ ಲೈಸೆನ್ಸಿನಲ್ಲಿ ಪಾಲಿರುವವರು ತಯಾರಕರೂ ಆಗುವುದು ಸಾಮಾನ್ಯವಾಗಿ ನಿಷಿದ್ಧ. ನಿಮಗೆ ಮದ್ಯ ಮಾರುವ ರೆಸ್ಟೋರೆಂಟಿನಲ್ಲಿ, ದಿನಸಿ ಅಂಗಡಿಯಲ್ಲಿ, ಬಿಯರ್ ಇಟ್ಟಿರುವ ಗ್ಯಾಸ್ ಸ್ಟೇಷನ್ನಿನಲ್ಲಿ ಸಣ್ಣ ಪಾಲಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಗಂಡನ ಹೆಸರಲ್ಲಿ ಬ್ರೂವರಿ, ಹೆಂಡತಿಯ ಹೆಸರಲ್ಲಿ ರೆಸ್ಟೋರೆಂಟ್ ಎಂದು ಬೇರ್ಪಡಿಸಿದರೆ ಸಾಲದು. ದಂಪತಿಯ ಆಸ್ತಿಯನ್ನು ಈ ರಾಜ್ಯ ಜಂಟಿ ಆಸ್ತಿಯೆಂದೇ ನೋಡುತ್ತದೆ. ವಿನಾಯಿತಿಗಳು ಇವೆ, ಆದರೆ ಒಂದೊಂದೂ ಇಕ್ಕಟ್ಟಾದ ಷರತ್ತಿನದು. ಅರ್ಜಿಗೆ ಮೊದಲೇ ಎಲ್ಲ ಹೂಡಿಕೆದಾರರ, ಅವರ ಸಂಗಾತಿಗಳ ವ್ಯವಹಾರಗಳ ಪಟ್ಟಿ ಮಾಡಿ ಮದ್ಯ ಕಾನೂನು ತಿಳಿದ ವಕೀಲರಿಗೆ ತೋರಿಸಿ. ವಕೀಲರಿಗೆ ಹಣ ಖರ್ಚು ಮಾಡುವುದು ಒಂದೇ ಕಡೆ ಎಂದಾದರೆ ಅದು ಇಲ್ಲಿರಲಿ.

ಹಣದ ಮೂಲವನ್ನು ಫೆಡರಲ್ ಮತ್ತು ರಾಜ್ಯ ಎರಡೂ ಕೇಳುತ್ತವೆ. ಊರಿನಿಂದ ಅಪ್ಪ ಕಳಿಸಿದ ದುಡ್ಡು ಎಂದು ಬರೆದರೆ ಸಾಲದು. ವಿದೇಶಕ್ಕೆ ಹಣ ಕಳಿಸಲು ಭಾರತದಲ್ಲಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಕಳಿಸಿದ ಬ್ಯಾಂಕಿನ ರಸೀದಿ, ಇಲ್ಲಿ ಜಮೆಯಾದ ಸ್ಟೇಟ್‌ಮೆಂಟ್, ಅದು ಉಡುಗೊರೆಯೋ ಸಾಲವೋ ಎಂದು ಸಹಿ ಮಾಡಿದ ಪತ್ರ ಮೂರೂ ಇರಲಿ. ಸಾಲಕ್ಕೆ ಬಡ್ಡಿಯ ಬದಲು ಲಾಭದ ಪಾಲು ಎಂದು ಒಪ್ಪಿಕೊಂಡರೆ ಕೊಟ್ಟವರೂ ಪಾಲುದಾರರಾಗುತ್ತಾರೆ, ಅವರ ವಿವರವೂ ಅರ್ಜಿಯಲ್ಲಿ ಇರಬೇಕು. ಎಚ್‌–1ಬಿ ವೀಸಾದಲ್ಲಿರುವವರು ಹಣ ಹೂಡಬಹುದು, ಆದರೆ ಅಲ್ಲಿ ಕೆಲಸ ಮಾಡುವಂತಿಲ್ಲ. ವಾರಾಂತ್ಯದಲ್ಲಿ ಟ್ಯಾಪ್ ಹಿಡಿದು ನಿಲ್ಲುವುದೂ ಕೆಲಸವೇ.

ಜಾಗ

ಬ್ರೂವರಿಯನ್ನು ವಾಸದ ಮನೆಯಲ್ಲಿ ಹಾಕಲು ಫೆಡರಲ್ ನಿಯಮವೇ ಬಿಡುವುದಿಲ್ಲ. ಉಳಿದ ಜಾಗಗಳಿಗೆ ನಗರದ ಯೋಜನಾ ಇಲಾಖೆಗೆ ಹೋಗಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ: ಇಲ್ಲಿ ಬಿಯರ್ ತಯಾರಿಸಬಹುದೇ? ಇಲ್ಲಿ ಜನರಿಗೆ ಕುಡಿಯಲು ಕೊಡಬಹುದೇ? ಕೈಗಾರಿಕಾ ವಲಯದಲ್ಲಿ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಷರತ್ತುಬದ್ಧ ಬಳಕೆಯ ಪರ್ಮಿಟ್ ಬೇಕು ಎಂಬ ಉತ್ತರ ಬರುವುದುಂಟು. ಆ ಪರ್ಮಿಟ್ಟಿಗೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ತಿಂಗಳುಗಳು ಹಿಡಿಯುತ್ತವೆ. ಪಾರ್ಕಿಂಗ್ ಸಂಖ್ಯೆ, ಮುಚ್ಚುವ ಹೊತ್ತು, ಸಂಗೀತದ ಸದ್ದು ಎಲ್ಲಕ್ಕೂ ಷರತ್ತು ಬರಬಹುದು.

ವೈನರಿಗೆ ಕೌಂಟಿಯ ನಿಯಮ ಇನ್ನೂ ಬಿಗಿ. ನಾಪಾ ಕೌಂಟಿಯ 1990ರ ವೈನರಿ ಕಾನೂನಿನ ಪ್ರಕಾರ ಹೊಸ ವೈನರಿಯ ದ್ರಾಕ್ಷಿಯಲ್ಲಿ ಶೇ 75 ನಾಪಾದ್ದೇ ಇರಬೇಕು. ಅಗ್ಗದ ದ್ರಾಕ್ಷಿಯನ್ನು ಲೋಡೈಯಿಂದ ತಂದು ನಾಪಾದಲ್ಲಿ ವೈನ್ ಮಾಡುವ ಯೋಜನೆ ಅಲ್ಲಿಗೇ ನಿಲ್ಲುತ್ತದೆ.

ನೀರಿನ ಲೆಕ್ಕವನ್ನು ತಪ್ಪಿಸಬೇಡಿ. ಸಣ್ಣ ಬ್ರೂವರಿಯಲ್ಲಿ ಒಂದು ಗ್ಯಾಲನ್ ಬಿಯರಿಗೆ ಐದಾರು ಗ್ಯಾಲನ್ ನೀರು ಖರ್ಚಾಗುವುದು ಮಾಮೂಲು. ಯೀಸ್ಟ್, ಸಕ್ಕರೆ, ಕಾಸ್ಟಿಕ್ ಸೇರಿದ ಕೊಳೆನೀರು ಚರಂಡಿಗೆ ಹೋಗುತ್ತದೆ. ಒಳಚರಂಡಿ ಸಂಸ್ಥೆ ಪಿಎಚ್ ಸರಿಪಡಿಸುವ ಟ್ಯಾಂಕ್ ಕೇಳಿದರೆ ಅದಕ್ಕೆ ಜಾಗ ಎಲ್ಲಿದೆ ಎಂಬುದನ್ನು ಲೀಸಿಗೆ ಮೊದಲೇ ನೋಡಿ. ತೊಳೆದ ನೀರನ್ನು ನೆಲಕ್ಕೆ ಬಿಡುವ ವೈನರಿಗಳಲ್ಲಿ ವರ್ಷಕ್ಕೆ 10,000 ಗ್ಯಾಲನ್ ದಾಟಿದರೆ ರಾಜ್ಯದ ಜಲ ಮಂಡಳಿಯ 2021ರ ಆದೇಶದಡಿ ನೋಂದಾಯಿಸಬೇಕು.

ಲೀಸಿನಲ್ಲಿ ಒಂದು ಸಾಲು ಕಡ್ಡಾಯವಾಗಿ ಬರೆಸಿ: ನಗರದ ಅನುಮತಿ, ಫೆಡರಲ್ ಸಂಸ್ಥೆ ಟಿಟಿಬಿಯ ಒಪ್ಪಿಗೆ, ಎಬಿಸಿ ಲೈಸೆನ್ಸ್ ಮೂರೂ ಬಂದ ಮೇಲೆ ಪೂರ್ತಿ ಬಾಡಿಗೆ ಶುರು, ಯಾವುದಾದರೂ ತಿರಸ್ಕೃತವಾದರೆ ಲೀಸು ರದ್ದು. ಮಾಲೀಕರು ಒಪ್ಪದಿದ್ದರೆ ಮೊದಲ ಆರು ತಿಂಗಳಿಗೆ ಅರ್ಧ ಬಾಡಿಗೆಯನ್ನಾದರೂ ಕೇಳಿ.

ಟಿಟಿಬಿ ಮತ್ತು ಎಬಿಸಿ ಅರ್ಜಿಗಳು

ಟಿಟಿಬಿ ಎಂದರೆ ಮದ್ಯ–ತಂಬಾಕು ತೆರಿಗೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ. ಅರ್ಜಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಬ್ರೂವರಿಗೆ ಬ್ರೂವರ್ಸ್ ನೋಟಿಸ್ ಎಂಬ ಒಪ್ಪಿಗೆ. ವೈನರಿಗೆ ಬೇಸಿಕ್ ಪರ್ಮಿಟ್ ಜೊತೆಗೆ ಬಾಂಡೆಡ್ ವೈನರಿಯ ಒಪ್ಪಿಗೆ. ಕಂಪನಿಯ ದಾಖಲೆ, ಲೀಸು, ನೆಲನಕ್ಷೆ, ಸಲಕರಣೆಯ ವಿವರ, ಹಣದ ಮೂಲ, ಮುಖ್ಯ ಪಾಲುದಾರರ ವಿವರ ಸಿದ್ಧವಿರಲಿ. ವರ್ಷದ ಫೆಡರಲ್ ತೆರಿಗೆ 50,000 ಡಾಲರ್ ಮೀರುವುದಿಲ್ಲ ಎನ್ನುವವರಿಗೆ 2017ರಿಂದ ಬಾಂಡ್ (ತೆರಿಗೆಗೆ ಕೊಡುವ ಭದ್ರತೆ) ಬೇಕಿಲ್ಲ. ಸಣ್ಣ ಬ್ರೂವರಿಯ ದರದಲ್ಲಿ ಅದು 14,000 ಬ್ಯಾರೆಲಿಗೂ ಮೇಲೆ, ಹಾಗಾಗಿ ಹೊಸಬರಿಗೆ ಬಾಂಡಿನ ಚಿಂತೆಯಿಲ್ಲ.

ಅರ್ಜಿ ವಾಪಸ್ ಬರಲು ಅತಿ ಸಾಮಾನ್ಯ ಕಾರಣ ಹೆಸರಿನ ವ್ಯತ್ಯಾಸ. ಲೀಸಿನಲ್ಲಿ ನಿಮ್ಮ ಸ್ವಂತ ಹೆಸರು, ಟಿಟಿಬಿಯಲ್ಲಿ ಎಲ್‌ಎಲ್‌ಸಿ (ನಿಮ್ಮ ಕಂಪನಿ), ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಧಿಕಾರಿ ಅಲ್ಲಿಗೇ ನಿಲ್ಲಿಸುತ್ತಾರೆ. ಎಲ್‌ಎಲ್‌ಸಿ ಮೊದಲು ನೋಂದಾಯಿಸಿ, ಅದೇ ಹೆಸರನ್ನು ಅಕ್ಷರ ತಪ್ಪದೆ ಎಲ್ಲೆಡೆ ಬಳಸಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಗೆ ಸೇರಿಕೊಂಡಿರುವ ನಮ್ಮವರಿಗೆ ಇದು ಇನ್ನೂ ಮುಖ್ಯ. ನಕ್ಷೆಯಲ್ಲಿ ತೆರಿಗೆ ಕಟ್ಟದ ಬಿಯರ್ ಇರುವ ಜಾಗ ಮತ್ತು ಗ್ರಾಹಕರು ಕೂರುವ ಜಾಗದ ನಡುವಿನ ಗಡಿ ಸ್ಪಷ್ಟವಾಗಿರಬೇಕು.

ಎಬಿಸಿ ಅರ್ಜಿಯನ್ನು ಟಿಟಿಬಿ ಉತ್ತರಕ್ಕೆ ಕಾಯದೆ ಜೊತೆಜೊತೆಗೇ ಹಾಕಿ. ಲೈವ್ ಸ್ಕ್ಯಾನಿನಲ್ಲಿ ಬೆರಳಚ್ಚು, ವಲಯದ ಪ್ರಮಾಣಪತ್ರ, ಆವರಣದ ನಕ್ಷೆ ಬೇಕು. ಬಾಗಿಲಿಗೆ ನೋಟಿಸ್ ಅಂಟಿಸಿ 30 ದಿನ ಬಿಡಬೇಕು. ಹರಿದುಹೋದರೆ ದಿನದ ಎಣಿಕೆ ತಕರಾರಿಗೆ ಬರಬಹುದು, ಅಂಟಿಸಿದ ದಿನದಿಂದ ಆಗಾಗ ಫೋಟೊ ತೆಗೆದಿಡಿ. ಅಷ್ಟರೊಳಗೆ ನೆರೆಯವರು ಆಕ್ಷೇಪ ಸಲ್ಲಿಸಬಹುದು. ಆಕ್ಷೇಪ ಬಂದರೆ ಮೂರು–ನಾಲ್ಕು ತಿಂಗಳ ಕೆಲಸ ವರ್ಷದ ಹತ್ತಿರ ಎಳೆಯುವುದುಂಟು. ನೋಟಿಸ್ ಅಂಟಿಸುವ ಮೊದಲೇ ಅಕ್ಕಪಕ್ಕದ ಮನೆಗಳಿಗೆ ಹೋಗಿ ಮುಚ್ಚುವ ಹೊತ್ತು, ಪಾರ್ಕಿಂಗ್ ಬಗ್ಗೆ ಮಾತಾಡಿ ಬನ್ನಿ. ಇದಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಫಲ ಕೊಡುವ ಕೆಲಸ ಇಡೀ ಪ್ರಕ್ರಿಯೆಯಲ್ಲಿ ಇಲ್ಲ.

ತೆರಿಗೆ

ಬಿಯರಿಗೆ ಫೆಡರಲ್ ಸುಂಕ ಸಣ್ಣ ತಯಾರಕರ ಮೊದಲ 60,000 ಬ್ಯಾರೆಲಿಗೆ ಬ್ಯಾರೆಲೊಂದಕ್ಕೆ 3.50 ಡಾಲರ್. ಕ್ಯಾಲಿಫೋರ್ನಿಯಾದ ತೆರಿಗೆ ಗ್ಯಾಲನಿಗೆ 20 ಸೆಂಟ್, ಅಂದರೆ ಬ್ಯಾರೆಲಿಗೆ 6.20. ಎರಡೂ ಸೇರಿ 9.70, 500 ಬ್ಯಾರೆಲಿಗೆ 4,850 ಡಾಲರ್. ವೈನಿನಲ್ಲಿ ಶೇ 16ರವರೆಗಿನ ಆಲ್ಕೊಹಾಲಿಗೆ ಫೆಡರಲ್ ದರ ಗ್ಯಾಲನಿಗೆ 1.07 ಡಾಲರ್, ಮೊದಲ 30,000 ಗ್ಯಾಲನಿಗೆ 1 ಡಾಲರ್ ರಿಯಾಯಿತಿ ಇರುವುದರಿಂದ ಉಳಿಯುವುದು 7 ಸೆಂಟ್. ರಾಜ್ಯದ್ದು 20 ಸೆಂಟ್, ಸ್ಪಾರ್ಕ್ಲಿಂಗ್ ವೈನಿಗೆ 30. ಸಾವಿರ ಕೇಸ್ ವೈನ್ ಎಂದರೆ ಸುಮಾರು 2,378 ಗ್ಯಾಲನ್ (16–17 ಟನ್ ದ್ರಾಕ್ಷಿಯಿಂದ ಬರುವಷ್ಟು). ಫೆಡರಲಿಗೆ ಸುಮಾರು 166, ರಾಜ್ಯಕ್ಕೆ ಸುಮಾರು 476 ಡಾಲರ್.

ಮೊತ್ತ ಸಣ್ಣದು, ವಾಯಿದೆ ಕಟ್ಟುನಿಟ್ಟು. ಫೆಡರಲ್ ತೆರಿಗೆ ವರ್ಷಕ್ಕೆ 1,000 ಡಾಲರ್ ಮೀರದಿದ್ದರೆ ವರ್ಷಕ್ಕೊಮ್ಮೆ ಸಲ್ಲಿಸಬಹುದು. ಬಿಯರಿನಲ್ಲಿ ಅದು ಸುಮಾರು 285 ಬ್ಯಾರೆಲ್. ಅದಕ್ಕೂ ಮೇಲಿದ್ದರೆ ಮೂರು ತಿಂಗಳಿಗೊಮ್ಮೆ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ 14ರೊಳಗೆ ತೆರಿಗೆ, 15ರೊಳಗೆ ಬ್ರೂವರಿಯ ಕಾರ್ಯಾಚರಣೆ ವರದಿ. ಆ ಮೂರು ತಿಂಗಳು ಒಂದು ಹನಿಯೂ ಮಾಡದಿದ್ದರೂ ಸೊನ್ನೆ ಬರೆದು ವರದಿ ಕಳಿಸಬೇಕು. ರಾಜ್ಯದ ಮದ್ಯ ತೆರಿಗೆ, ಮಾರಾಟ ತೆರಿಗೆ ಎರಡೂ ಹೋಗುವುದು ಎಬಿಸಿಗಲ್ಲ, ರಾಜ್ಯದ ತೆರಿಗೆ ಇಲಾಖೆಯಾದ ಸಿಡಿಟಿಎಫ್‌ಎಗೆ. ಅಲ್ಲಿ ಎರಡು ಬೇರೆ ಖಾತೆ ತೆರೆಯಬೇಕು.

ಟ್ಯಾಂಕಿನಿಂದ ಟ್ಯಾಪಿಗೆ ಹೋಗುವಾಗ ಅಳೆದು ಬರೆಯುವ ಅಭ್ಯಾಸ ಮೊದಲ ಬ್ಯಾಚಿನಿಂದಲೇ ಇರಲಿ. ಕೆಟ್ಟುಹೋಗಿ ಚೆಲ್ಲಿದ ಬಿಯರಿಗೂ ದಿನಾಂಕ, ಪ್ರಮಾಣ, ಕಾರಣ ಬರೆದಿಡಿ. ದಾಖಲೆಯಿಲ್ಲದ ಕೊರತೆಯನ್ನು ತನಿಖಾಧಿಕಾರಿ ಮಾರಾಟವೆಂದೇ ಎಣಿಸಬಹುದು.

ಲೇಬಲ್

ವೈನ್ ಶೇ 7 ಮತ್ತು ಮೇಲಿದ್ದರೆ ಟಿಟಿಬಿಯಿಂದ ಲೇಬಲ್ ಒಪ್ಪಿಗೆ ಬೇಕು. ದ್ರಾಕ್ಷಿ ತಳಿಯ ಹೆಸರು ಹಾಕಲು ಆ ತಳಿ ಶೇ 75, ನಾಪಾ ಅಥವಾ ಲೋಡೈಯಂಥ ಮಾನ್ಯ ಪ್ರದೇಶದ ಹೆಸರಿಗೆ ಅಲ್ಲಿನ ಹಣ್ಣು ಶೇ 85, ಪ್ರದೇಶದ ಜೊತೆ ವರ್ಷವನ್ನೂ ಹಾಕಲು ಆ ವರ್ಷದ್ದು ಶೇ 95 ಇರಬೇಕು. ‘ಕ್ಯಾಲಿಫೋರ್ನಿಯಾ’ ಎಂದಷ್ಟೇ ಬರೆಯಲು ಫೆಡರಲ್ ನಿಯಮಕ್ಕೆ ಶೇ 75 ಸಾಕು, ಆದರೆ ರಾಜ್ಯದ ನಿಯಮ ಶೇ 100 ಕೇಳುತ್ತದೆ, ರಾಜ್ಯದ್ದೇ ಅನ್ವಯ. ಆಲ್ಕೊಹಾಲ್ ಅಂಕಿಗೆ ಶೇ 14ರವರೆಗೆ 1.5ರಷ್ಟು, ಅದಕ್ಕೂ ಮೇಲೆ 1ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಆದರೆ 14ರ ಗೆರೆ ದಾಟುವಂತಿಲ್ಲ. 13.8 ಎಂದು ಅಚ್ಚು ಹಾಕಿಸಿ ವೈನ್ 14.2 ಬಂದರೆ ಲೇಬಲ್ ಎಲ್ಲ ವ್ಯರ್ಥ. ಬಿಸಿಲು ಜೋರಾದ ವರ್ಷಗಳಲ್ಲಿ ಇದು ನಡೆಯುತ್ತದೆ, ಆದ್ದರಿಂದ ಅಂತಿಮ ಮಿಶ್ರಣದ ಪ್ರಯೋಗಾಲಯ ವರದಿ ಬರುವ ತನಕ ಅಚ್ಚಿಗೆ ಕೊಡಬೇಡಿ.

ಬಿಯರಿಗೆ ಹಣ್ಣು, ಕಾಫಿ, ಜೇನು, ಕೊತ್ತಂಬರಿ ಬೀಜ ಹಾಕಿದರೆ ಈಗ ಫಾರ್ಮುಲಾ ಒಪ್ಪಿಗೆ ಬೇಕಿಲ್ಲ. ಟಿಟಿಬಿ 2014 ಮತ್ತು 2015ರಲ್ಲಿ ಇವನ್ನು ವಿನಾಯಿತಿ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಬಳಸುವುದಾದರೆ ಬ್ಯಾಚ್ ಹಾಕುವ ಮೊದಲು ಫಾರ್ಮುಲಾ ಕಳಿಸಿ. ಸರ್ಕಾರದ ಆರೋಗ್ಯ ಎಚ್ಚರಿಕೆಯ ಅಕ್ಷರಗಳು 237 ಮಿಲಿಲೀಟರಿನಿಂದ 3 ಲೀಟರ್‌ವರೆಗಿನ ಪಾತ್ರೆಯ ಮೇಲೆ ಕನಿಷ್ಠ 2 ಮಿಲಿಮೀಟರ್. 2024ರಿಂದ ವೈನ್ ಬಾಟಲಿಗೂ ಮರುಬಳಕೆಯ ಠೇವಣಿ ಬಂದಿದೆ: 24 ಔನ್ಸಿಗಿಂತ ಚಿಕ್ಕದಕ್ಕೆ 5 ಸೆಂಟ್, ಉಳಿದ ಬಾಟಲಿಗೆ 10. ಅದರ ಗುರುತೂ ಲೇಬಲಿನಲ್ಲಿರಬೇಕು.

ಬಾಗಿಲು ತೆರೆದ ಮೇಲೆ

ಟ್ಯಾಪ್‌ರೂಮು, ಟೇಸ್ಟಿಂಗ್ ರೂಮುಗಳಲ್ಲಿ ಸುರಿಯುವ ಪ್ರತಿಯೊಬ್ಬರೂ, ಅವರ ಮ್ಯಾನೇಜರೂ ಕೆಲಸಕ್ಕೆ ಸೇರಿದ 60 ದಿನಗಳೊಳಗೆ ಆರ್‌ಬಿಎಸ್ (ಜವಾಬ್ದಾರಿಯಿಂದ ಮದ್ಯ ಕೊಡುವ ತರಬೇತಿ) ಪ್ರಮಾಣಪತ್ರ ಪಡೆಯಬೇಕು. ಪರೀಕ್ಷೆಗೆ ಶೇ 70 ಅಂಕ, ಅವಧಿ ಮೂರು ವರ್ಷ. ಸುಗ್ಗಿಯ ಹೊತ್ತಿಗೆ ಸಹಾಯಕ್ಕೆ ಬಂದ ನೆಂಟರು ಗ್ಲಾಸ್ ತುಂಬಿಕೊಟ್ಟರೂ ಪ್ರಶ್ನೆ ಏಳುತ್ತದೆ.

ಬಾರಿಗೆ ಕೆಗ್ ಮಾರುವ ಬ್ರೂವರಿ ತನ್ನ ದರಪಟ್ಟಿಯನ್ನು ಕೌಂಟಿವಾರು ಎಬಿಸಿಗೆ ಸಲ್ಲಿಸಿರಬೇಕು, ಆ ದರಕ್ಕೇ ಮಾರಬೇಕು. ಗೆಳೆಯನ ರೆಸ್ಟೋರೆಂಟ್ ಎಂದು ಹತ್ತು ಡಾಲರ್ ಇಳಿಸುವಂತಿಲ್ಲ. ಟ್ಯಾಪ್ ಸಿಗಲೆಂದು ಮೊದಲ ಕೆಗ್ ಪುಕ್ಕಟೆ ಕೊಡುವುದು, ಫ್ರಿಜ್ ಕೊಡಿಸುವುದು, ಜಾಹೀರಾತಿಗೆ ಹಣ ಹಾಕುವುದು ಇವೆಲ್ಲ ಕೊಟ್ಟವರ ಲೈಸೆನ್ಸನ್ನೂ ತೆಗೆದುಕೊಂಡವರ ಲೈಸೆನ್ಸನ್ನೂ ಅಪಾಯಕ್ಕೆ ಒಡ್ಡುತ್ತವೆ. ಕೇಳುವ ಬಾರುಗಳು ಇದ್ದೇ ಇವೆ; ಬೇಡ ಎನ್ನಲು ಕಾನೂನೇ ನಿಮ್ಮ ಬೆನ್ನಿಗಿದೆ. ಟ್ಯಾಪಿನ ಹಿಡಿಕೆ, ಗ್ಲಾಸಿನಡಿ ಇಡುವ ಕೋಸ್ಟರ್ ಕೊಡಬಹುದು, ಬಿಯರ್ ಪೈಪು ತೊಳೆದುಕೊಡಬಹುದು.

ವೈನನ್ನು ಬೇರೆ ರಾಜ್ಯದ ಮನೆಗಳಿಗೆ ಕಳಿಸುವುದಕ್ಕೆ ಸುಪ್ರೀಂ ಕೋರ್ಟಿನ 2005ರ ಗ್ರ್ಯಾನ್‌ಹೋಮ್ ತೀರ್ಪು ದಾರಿ ಮಾಡಿತು. ತನ್ನ ವೈನರಿಗಳಿಗೆ ಕೊಡುವ ಅವಕಾಶವನ್ನು ರಾಜ್ಯವೊಂದು ಹೊರಗಿನ ವೈನರಿಗಳಿಗೆ ನಿರಾಕರಿಸುವಂತಿಲ್ಲ ಎಂಬುದು ಅದರ ಸಾರ. ಆದರೂ ಪ್ರತಿ ರಾಜ್ಯಕ್ಕೂ ಬೇರೆ ಪರ್ಮಿಟ್, ಬೇರೆ ತೆರಿಗೆ, ಬೇರೆ ವರದಿ. ನಿಮ್ಮ ಗ್ರಾಹಕರು ನಿಜಕ್ಕೂ ಇರುವ ನಾಲ್ಕೈದು ರಾಜ್ಯಗಳಿಂದ ಶುರು ಮಾಡಿ. ಸರ್ಕಾರಿ ಅಂಚೆಯಲ್ಲಿ ಮದ್ಯ ಕಳಿಸುವಂತಿಲ್ಲ. ಖಾಸಗಿ ಕೊರಿಯರ್‌ಗಳು ಒಪ್ಪಂದ ಮಾಡಿಕೊಂಡ ವೈನರಿಗಳಿಂದ ಮಾತ್ರ ಒಯ್ಯುತ್ತವೆ, 21 ವಯಸ್ಸಾದವರ ಸಹಿ ಪಡೆದೇ ಕೊಡುತ್ತವೆ. ಬಿಯರನ್ನು ಹೀಗೆ ಮನೆಗೆ ತರಿಸಿಕೊಳ್ಳಲು ಬಿಡುವ ರಾಜ್ಯಗಳು ತೀರ ಕಡಿಮೆ.

ಯಾವುದೇ ಬದಲಾವಣೆಗೆ ಮೊದಲು ಲೈಸೆನ್ಸಿನ ಜೊತೆಗಿರುವ ನಕ್ಷೆ ನೋಡಿ. ಹೊರಗಿನ ಅಂಗಳದಲ್ಲಿ ನಾಲ್ಕು ಮೇಜು ಹಾಕಬೇಕೆಂದರೂ ಆ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅಲ್ಲಿ ಕೊಡುವ ಗ್ಲಾಸ್ ಲೈಸೆನ್ಸಿನ ಹೊರಗಿನದಾಗುತ್ತದೆ. ಹೊಸ ಪಾಲುದಾರರು ಬಂದು ನಿಯಂತ್ರಣ ಕೈಬದಲಾದರೆ ವೈನರಿಯ ಫೆಡರಲ್ ಪರ್ಮಿಟ್ಟಿಗೆ 30 ದಿನಗಳೊಳಗೆ ಹೊಸ ಅರ್ಜಿ ಹೋಗಬೇಕು, ಇಲ್ಲವಾದರೆ ಪರ್ಮಿಟ್ ತಾನಾಗಿ ಮುಗಿಯುತ್ತದೆ. ಎಬಿಸಿಗೂ ಬೇರೆಯಾಗಿ ತಿಳಿಸಬೇಕು. ಒಂದು ಕಡೆ ಕೊಟ್ಟ ಮಾಹಿತಿ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ.